ದೀದಿಯ ಸಂಬಳ ಇಪ್ಪತ್ತು ಸಾವಿರ, ಖರ್ಚು ಮಾತ್ರ ಇಪ್ಪತ್ತೆಂಟು!

‘ರೀ, ಇಪ್ಪತ್ತು ಸಾವಿರಕ್ಕೆ ಮನೇಲೇ ಇರೋ ಕೆಲಸದವಳು ಸಿಗ್ತಾಳಂತೆ. ಜಾರ್ಖಂಡ್ ಕಡೆಯವಳು. ತಗೊಂಡುಬಿಡಲಾ?’ ಮೊನ್ನೆ ತರಕಾರಿ ಗಾಡಿಯ ಹತ್ತಿರ ಮೂರನೇ ಮಹಡಿಯವರು ಕೇಳಿದಾಗ ನನಗೆ ನಗುವೂ ಬಂತು, ಒಂಥರಾ ಕಸಿವಿಸಿಯೂ ಆಯಿತು. ಫ್ರಿಜ್ ಆಫರ್ ಬಂದಿದೆ ಎನ್ನುವ ಹಾಗಿತ್ತು ಮಾತು. ಆದರೆ ಅವರನ್ನು ಅನ್ನುವುದೇಕೆ? ನಾಲ್ಕು ವರ್ಷದ ಹಿಂದೆ ನಾನೂ ಇದೇ ಧಾಟಿಯಲ್ಲಿ ಯೋಚಿಸಿದವಳೇ. ಅತ್ತೆಗೆ ಮಂಡಿ ಆಪರೇಷನ್ ಆಗಿತ್ತು, ಮಗುವಿಗೆ ಎರಡು ವರ್ಷ. ಯಜಮಾನರ ಸಂಬಳದಲ್ಲಿ ತಿಂಗಳಿಗೆ ಇಷ್ಟು ಎತ್ತಿಟ್ಟರೆ ಆಯಿತು ಎಂದುಕೊಂಡು ಏಜೆನ್ಸಿಗೆ ಫೋನು ಮಾಡಿಬಿಟ್ಟಿದ್ದೆ.

ಆ ‘ಇಷ್ಟು’ ಎನ್ನುವುದೇ ತಪ್ಪು ಲೆಕ್ಕ ಎಂದು ಗೊತ್ತಾಗಿದ್ದು ಜುಲೈ ತಿಂಗಳಲ್ಲಿ, ಮಳೆ ಹಿಡಿದ ಮೇಲೆ. ದೀದಿಗೆ (ಮಗು ಕರೆಯುವ ಹಾಗೆ ನಾವೂ ಹಾಗೇ ಕರೆಯುತ್ತೇವೆ) ಜ್ವರ ಬಂತು. ಮೂರನೇ ದಿನ ಡೆಂಗಿ ಅಂತ ರಿಪೋರ್ಟು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಐದು ದಿನ ಇರಬೇಕು, ಮೊದಲು ಅಡ್ವಾನ್ಸ್ ಕಟ್ಟಿ ಎಂದರು. ತಿಂಗಳ ಕೊನೆ, ಕೈಯಲ್ಲಿ ಅಷ್ಟು ಹಣವಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆ ರಾತ್ರಿ ನಾನೂ ಯಜಮಾನರೂ ಅವಳನ್ನು ಊರಿಗೆ ಕಳಿಸಿಬಿಡೋಣ ಎಂದು ಮಾತಾಡಿಕೊಂಡೆವು. ಟಿಕೆಟ್ ಇದೆಯಾ ಎಂದು ಮೊಬೈಲಿನಲ್ಲಿ ನೋಡಿದ್ದೂ ಆಯಿತು. ಅತ್ತೆ ಒಳಗಿನಿಂದಲೇ ಕೇಳಿಸಿಕೊಂಡು ಗದರಿದರು: ‘ಜ್ವರದವಳನ್ನ ಎರಡು ರಾತ್ರಿ ರೈಲಲ್ಲಿ ಕೂರಿಸ್ತೀರೇನೋ? ನಿನ್ನ ತಂಗಿ ಆಗಿದ್ರೆ ಕೂರಿಸ್ತಿದ್ಯಾ?’ ಕೊನೆಗೆ ಚೀಟಿ ಎತ್ತಿ ಬಿಲ್ಲು ಕಟ್ಟಿದೆವು. ದೀದಿ ಹುಷಾರಾದಳು. ನಾನು ಒಂದು ನೂರು ಪುಟದ ನೋಟ್‌ಬುಕ್ ತಂದು ಲೆಕ್ಕ ಬರೆಯಲು ಕೂತೆ. ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಮನೆಗೆಲಸಕ್ಕೆ ಎಂಥ ಕಾನೂನು ಎಂದು ಮೂಗು ಮುರಿಯಬೇಡಿ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ. ಆ ದರ ತುಟ್ಟಿಭತ್ಯೆ ಸೇರಿ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಈ ವರ್ಷದ ದರ ಎಷ್ಟೆಂದು ಕಾರ್ಮಿಕ ಇಲಾಖೆಯ ಆದೇಶದಲ್ಲಿ ನೋಡಿಕೊಂಡೇ ಸಂಬಳ ಮಾತಾಡಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ಕೇಳಿದರೂ ಆಯಿತು. ಅದು ಎಂಟು ಗಂಟೆಯ ದಿನಕ್ಕೆ ಇಟ್ಟ ದರ ಎಂಬುದು ನೆನಪಿರಲಿ. ಮನೆಯಲ್ಲೇ ಇರುವವಳು ಬೆಳಿಗ್ಗೆ ಆರಕ್ಕೆ ಹಾಲು ಕಾಯಿಸಿ ರಾತ್ರಿ ಹತ್ತಕ್ಕೆ ಅಡಿಗೆಮನೆ ಒರೆಸಿದರೆ ಅದು ಎಂಟು ಗಂಟೆ ಹೇಗಾಗುತ್ತದೆ? ನೀವೇ ಹೇಳಿ. ಪಿಎಫ್, ಇಎಸ್‌ಐ ಇವೆಲ್ಲ ಹತ್ತಿಪ್ಪತ್ತು ಜನ ದುಡಿಯುವ ಸಂಸ್ಥೆಗಳಿಗೆ ಮಾಡಿದ್ದು, ಒಂದು ಮನೆಗೆ ತಗುಲುವುದಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೂ ಐದು ಜನಕ್ಕಿಂತ ಕಡಿಮೆ ಇರುವ ಕಡೆ ಲೆಕ್ಕಕ್ಕಿರಲಿಲ್ಲ. ಹಾಗಾಗಿ ಕಂಪನಿಯೊಂದು ಮಾಡುವುದನ್ನು ನಾವೇ ಮನೆಮಟ್ಟದಲ್ಲಿ ಮಾಡಬೇಕು. ರಾಜ್ಯ ಸರ್ಕಾರ 2025ರಲ್ಲಿ ಮನೆಗೆಲಸದವರ ಸಾಮಾಜಿಕ ಭದ್ರತೆಗೆಂದು ಕರಡು ಮಸೂದೆಯೊಂದನ್ನು ಪ್ರಕಟಿಸಿತು. ನೋಂದಣಿ, ಲಿಖಿತ ಒಪ್ಪಂದ, ಸಂಬಳದ ಮೇಲೆ ಶೇ 5ರವರೆಗೆ ಮಾಲೀಕರ ಕಡೆಯಿಂದ ಶುಲ್ಕ ಎಂಬ ಮಾತು ಅದರಲ್ಲಿತ್ತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಇದರಿಂದಲೇ ತಿಳಿಯಬಹುದು.

ಇನ್ನು ವಯಸ್ಸು. ಹದಿನಾಲ್ಕರ ಒಳಗಿನ ಮಗುವನ್ನು ಕೆಲಸಕ್ಕಿಟ್ಟರೆ ಆರು ತಿಂಗಳಿಂದ ಎರಡು ವರ್ಷ ಜೈಲು, 20,000ದಿಂದ 50,000 ದಂಡ ಎಂದು ಕಾನೂನು ಹೇಳುತ್ತದೆ. ನನ್ನನ್ನು ಕೇಳಿದರೆ ಹದಿನೆಂಟು ತುಂಬದವರನ್ನು ಕರೆದುಕೊಳ್ಳಲೇಬೇಡಿ. ಏಜೆನ್ಸಿಯವರು ಹೇಳುವ ವಯಸ್ಸನ್ನು ನಂಬಬೇಡಿ, ಆಧಾರ್ ನೋಡಿ, ಮುಖವನ್ನೂ ನೋಡಿ. ಜೆರಾಕ್ಸ್ ಇಟ್ಟುಕೊಂಡು ಮೂಲ ಕಾರ್ಡನ್ನು ಅವಳ ಕೈಗೇ ಕೊಡಿ. ‘ಓಡಿಹೋಗ್ತಾಳೆ’ ಎಂದು ಬೀರುವಿನಲ್ಲಿ ಬೀಗ ಹಾಕಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ! ಪೊಲೀಸ್ ಠಾಣೆಯಲ್ಲಿ ವಿವರ ಕೊಟ್ಟು ಪರಿಶೀಲನೆ ಮಾಡಿಸಿ, ಅಷ್ಟು ಸಾಕು.

ಈಗ ಏಜೆನ್ಸಿಯ ಕಮಿಷನ್. ಸಾಮಾನ್ಯವಾಗಿ ಒಂದು ತಿಂಗಳ ಸಂಬಳದಷ್ಟು ಕೇಳುತ್ತಾರೆ. ನಮ್ಮಿಂದ ತೆಗೆದುಕೊಂಡದ್ದಲ್ಲದೆ ದೀದಿಯ ಮೊದಲೆರಡು ತಿಂಗಳ ಸಂಬಳವನ್ನೂ ‘ತರಬೇತಿ ಖರ್ಚು’ ಎಂದು ಅವರೇ ಇಟ್ಟುಕೊಂಡಿದ್ದರು. ನಾನು ಸಂಬಳವನ್ನು ಅವರ ಅಕೌಂಟಿಗೇ ಹಾಕುತ್ತಿದ್ದೆನಲ್ಲ, ಇನ್ನೇನಾಗುತ್ತದೆ? ಅವಳು ಒಂದು ದಿನ ಪಾತ್ರೆ ತೊಳೆಯುತ್ತಾ, ‘ಭಾಭಿ, ಮನೆಗೆ ಇನ್ನೂ ಒಂದು ಪೈಸೆ ಹೋಗಿಲ್ಲ’ ಎಂದಾಗ ನನಗೆ ನೆಲ ಬಿರಿದಂತಾಯಿತು. ಆ ದುಡ್ಡು ವಾಪಸ್ ಬರಲಿಲ್ಲ, ಅರ್ಧವನ್ನು ನಾವೇ ತುಂಬಿಕೊಟ್ಟೆವು. ನೀವು ಈ ತಪ್ಪು ಮಾಡಬೇಡಿ. ಅವಳ ಹೆಸರಿನಲ್ಲಿ ಜನಧನ್ ಖಾತೆ ಇರುತ್ತದೆ, ಇಲ್ಲದಿದ್ದರೆ ತೆರೆಸಿ. ಮೊದಲ ದಿನದಿಂದಲೇ ಸಂಬಳ ಅಲ್ಲಿಗೇ ಹೋಗಲಿ. ಒಂದು ಹಾಳೆಯ ಮೇಲೆ ಸಂಬಳ, ರಜೆ, ಕೆಲಸದ ಹೊತ್ತು ಬರೆದು ಇಬ್ಬರೂ ಸಹಿ ಹಾಕಿ. ಕನ್ನಡ ಓದಲು ಬಾರದವಳಿಗೆ ಹಿಂದಿಯಲ್ಲಿ ಓದಿ ಹೇಳಿ.

ಸರಿ, ನೋಟ್‌ಬುಕ್ ತೆಗೆಯೋಣ. ಲೆಕ್ಕ ಸುಲಭವಾಗಲೆಂದು ತಿಂಗಳಿಗೆ 20,000 ಸಂಬಳ ಎಂದಿಟ್ಟುಕೊಳ್ಳಿ. ವರ್ಷಕ್ಕೆ 2,40,000. ಊರಿಗೆ ಹೋದ ತಿಂಗಳ ಸಂಬಳವನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಅದನ್ನು ಕತ್ತರಿಸುವ ಯೋಚನೆ ಬೇಡ. ಹಬ್ಬಕ್ಕೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡುವುದು ನಮ್ಮ ಕಡೆಯ ರೂಢಿ, ಅದು 20,000. ಆದರೆ ಯಾವ ಹಬ್ಬ? ನಾವು ದೀಪಾವಳಿಗೆ ಸೀರೆ ಕೊಟ್ಟು ಬೀಗಿದೆವು. ದೀದಿ ಸಿಮ್ಡೇಗಾ ಜಿಲ್ಲೆಯವಳು, ಅವರ ಮನೆಯಲ್ಲಿ ದೊಡ್ಡ ಹಬ್ಬ ಕ್ರಿಸ್‌ಮಸ್. ಈಗ ಡಿಸೆಂಬರ್ ಮೊದಲ ವಾರದಲ್ಲೇ ಕೊಟ್ಟುಬಿಡುತ್ತೇವೆ, ಊರಿಗೆ ಸಾಮಾನು ಕೊಳ್ಳಲು ಅವಳಿಗೂ ಅನುಕೂಲ.

ಊಟದ ಖರ್ಚನ್ನು ಯಾರೂ ಬರೆಯುವುದಿಲ್ಲ. ‘ನಾಲ್ಕು ಜನಕ್ಕೆ ಮಾಡಿದ್ರಲ್ಲಿ ಅವಳಿಗೂ ಆಗುತ್ತೆ’ ಎನ್ನುತ್ತೇವೆ. ಆಗುವುದಿಲ್ಲ! ಅಕ್ಕಿ, ಹಾಲು, ಎಣ್ಣೆ, ಗ್ಯಾಸು ಎಲ್ಲ ಸೇರಿ ನನ್ನ ಮನೆಯಲ್ಲಿ ತಿಂಗಳಿಗೆ 3,500 ಏರಿತು. ಅವಳು ಊರಲ್ಲಿರುವ ತಿಂಗಳು ಬಿಟ್ಟರೆ ವರ್ಷಕ್ಕೆ 38,500. ಇದನ್ನು ಸಂಬಳದಿಂದ ಮುರಿದುಕೊಳ್ಳುವವರೂ ಇದ್ದಾರೆ. ನಮ್ಮ ಕೆಲಸಕ್ಕೆಂದು ನಮ್ಮ ಮನೆಯಲ್ಲೇ ಇರಿಸಿಕೊಂಡು ಅನ್ನದ ಬಿಲ್ಲು ಕೊಡುವುದು ಯಾವ ನ್ಯಾಯವೋ ನನಗಂತೂ ಅರ್ಥವಾಗಿಲ್ಲ. ಸೋಪು, ಎಣ್ಣೆ, ಪ್ಯಾಡು ಇತ್ಯಾದಿಗೆ ತಿಂಗಳಿಗೆ 500, ವರ್ಷಕ್ಕೆರಡು ಜೊತೆ ಬಟ್ಟೆ, ಒಂದು ಸ್ವೆಟರಿಗೆ 3,000, ಒಟ್ಟು 9,000. ಮೊಬೈಲ್ ರೀಚಾರ್ಜಿನಲ್ಲಿ ನಾನು ಮೊದಲು ಮೋಸ ಹೋದೆ. 28 ದಿನದ ಪ್ಯಾಕು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಬರುತ್ತದೆ! 300ರ ಲೆಕ್ಕದಲ್ಲಿ 3,900. ಊರಲ್ಲಿ ಮಗಳಿರುವವಳಿಗೆ ಇದು ಶೋಕಿಯಲ್ಲ ಸ್ವಾಮಿ.

ಊರಿಗೆ ಹೋಗಿಬರುವ ಖರ್ಚಿಗೆ 4,000 ತೆಗೆದಿಡಿ. ಸ್ಲೀಪರ್ ಟಿಕೆಟ್, ಹಾದಿಯ ಊಟ, ಇಳಿದ ಮೇಲೆ ಬಸ್ಸು ಎಲ್ಲ ಅದರಲ್ಲಿ ಬರಬೇಕು. ಈಗ ರೈಲ್ವೆ ಟಿಕೆಟ್ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. ಡಿಸೆಂಬರ್‌ನಲ್ಲಿ ಹೊರಡಬೇಕಾದರೆ ಅಕ್ಟೋಬರ್‌ನಲ್ಲೇ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿ. ತಡಮಾಡಿದರೆ ತತ್ಕಾಲ್ ದುಡ್ಡು ನಿಮ್ಮ ತಲೆಗೇ. ಅವಳಿಲ್ಲದ ಆ ತಿಂಗಳು ಪಾತ್ರೆ, ಕಸಕ್ಕೆ ಬೇರೆಯವರನ್ನು ಕರೆದರೆ 6,000.

ಕಾಯಿಲೆ ಕಸಾಲೆಗೆ ವರ್ಷಕ್ಕೆ 12,000 ಪ್ರತ್ಯೇಕ ಇಡಿ. ಅವರ ಮನೆಗೆ ಆಯುಷ್ಮಾನ್ ಕಾರ್ಡ್ ಇದೆಯೇ ಎಂದು ಬಂದ ದಿನವೇ ಕೇಳಿ. ಇದ್ದರೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಬೇರೆ ರಾಜ್ಯದಲ್ಲೂ ನಡೆಯುತ್ತದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ದೀದಿಯ ಕಾರ್ಡು ಊರಿನ ಟ್ರಂಕಿನಲ್ಲಿತ್ತು! ಡೆಂಗಿ ಬಂದಾಗ ನಮಗೆ ಯಾರಿಗೂ ಅದರ ನೆನಪೇ ಬರಲಿಲ್ಲ. ಬ್ಯಾಂಕಿನಲ್ಲಿ ಎರಡು ವಿಮೆಗೂ ಅರ್ಜಿ ಕೊಡಿಸಿ: ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ ಜ್ಯೋತಿ. ಒಂದು ಅಪಘಾತಕ್ಕೆ, ಇನ್ನೊಂದು ಜೀವಕ್ಕೆ, ಎರಡರಲ್ಲೂ 2 ಲಕ್ಷ. ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಆಗ ಖಾತೆ ಖಾಲಿ ಇರಬಾರದು. ಜೊತೆಗೆ ಅಟಲ್ ಪಿಂಚಣಿ. 30 ವರ್ಷಕ್ಕೆ ಸೇರಿದರೆ ತಿಂಗಳಿಗೆ 577 ಕಟ್ಟಬೇಕು, 60 ಆದ ಮೇಲೆ ತಿಂಗಳಿಗೆ 5,000 ಬರುತ್ತದೆ. ಪಿಎಫ್ ಇಲ್ಲದವಳಿಗೆ ಇದನ್ನು ನಾವು ಕಟ್ಟುವುದು ಧರ್ಮ. ವರ್ಷಕ್ಕೆ 6,924. ವಿಮೆಯ 456 ಸೇರಿ 7,380. ಇ-ಶ್ರಮ್ ನೋಂದಣಿಗೆ ಮಾತ್ರ ಕಾಸಿಲ್ಲ, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಆಯಿತು.

ಕೂಡಿ ನೋಡಿ. 3,40,780! ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 28,400. ಮೊದಲ ವರ್ಷವಾದರೆ ಏಜೆನ್ಸಿಯ 20,000 ಬೇರೆ.

ಊಟ, ರೀಚಾರ್ಜು, ಸೋಪು, ಪಿಂಚಣಿ ತಿಂಗಳ ಖರ್ಚಿನಲ್ಲೇ ಕಳೆದುಹೋಗುತ್ತವೆ. ತೊಂದರೆ ಕೊಡುವುದು ವರ್ಷಕ್ಕೊಮ್ಮೆ ಬರುವ ಹಬ್ಬ, ರೈಲು, ಬದಲಿ ಕೆಲಸದವರು, ಆಸ್ಪತ್ರೆ, ಬಟ್ಟೆ, ವಿಮೆ. ಅವೆಲ್ಲ ಸೇರಿ ಸುಮಾರು 45,500. ತಿಂಗಳಿಗೆ 3,800ರ ಒಂದು ಆರ್‌ಡಿ ಹಾಕಿದರೆ ಸರಿಹೋಗುತ್ತದೆ. ನಾನು ಅಂಚೆ ಕಚೇರಿಯಲ್ಲಿ ಹಾಕಲು ಹೋಗಿ, ಅದು ಐದು ವರ್ಷದ್ದೆಂದು ತಿಳಿದು ಬ್ಯಾಂಕಿನಲ್ಲಿ ಒಂದು ವರ್ಷದ್ದು ಮಾಡಿಸಿದೆ. ಡಿಸೆಂಬರ್ ಒಂದಕ್ಕೆ ಕೈಗೆ ಬರುವ ಹಾಗೆ ಶುರುಮಾಡಿ. ಆಸ್ಪತ್ರೆಯ 12,000 ಮಾತ್ರ ಆರ್‌ಡಿಯಲ್ಲಿ ಸಿಕ್ಕಿಹಾಕಿಕೊಳ್ಳದಿರಲಿ, ಜ್ವರ ಡಿಸೆಂಬರ್‌ವರೆಗೆ ಕಾಯುವುದಿಲ್ಲ. ಮೊದಲ ವರ್ಷ ಅದನ್ನು ಒಟ್ಟಿಗೆ ಉಳಿತಾಯ ಖಾತೆಯಲ್ಲಿಟ್ಟುಬಿಡಿ, ಖರ್ಚಾದಷ್ಟು ಮತ್ತೆ ತುಂಬಿ.

ವಾರದ ರಜೆ ಲೆಕ್ಕದಲ್ಲಿಲ್ಲವಲ್ಲ ಎನ್ನುತ್ತೀರಾ? ಅದಕ್ಕೆ ದುಡ್ಡಿಲ್ಲ, ನಮಗೆ ಸ್ವಲ್ಪ ಸೊಂಟನೋವು ಅಷ್ಟೆ. ಭಾನುವಾರ ಬೆಳಿಗ್ಗೆ ದೀದಿ ಚರ್ಚಿಗೆ ಹೋದರೆ ಸಂಜೆಗೆ ಬರುತ್ತಾಳೆ. ಬಸ್ಸಿನಲ್ಲಿ ನಾನು ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋಗುತ್ತೇನೆ, ಜಾರ್ಖಂಡ್ ಆಧಾರ್ ಇರುವ ಅವಳು ಟಿಕೆಟ್ ಕೊಳ್ಳುತ್ತಾಳೆ. ಅವಳ ಪರ್ಸಿಗೆ ಬಸ್ಸಿನ ಚಿಲ್ಲರೆ ಹಾಕುವುದು ಅತ್ತೆಯ ಪಾಲಿನ ಕೆಲಸ, ನನ್ನ ನೋಟ್‌ಬುಕ್ಕಿಗೆ ಅದು ಬರುವುದಿಲ್ಲ.

ತಿಂಗಳಿಗೆ 28,000 ಎತ್ತಿಡಲು ಆಗದಿದ್ದರೆ? ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಹೆಚ್ಚಿನ ಮನೆಗಳಿಗೆ ಆಗುವುದಿಲ್ಲ. ಆಗ ಪಿಂಚಣಿ ಬಿಟ್ಟು, ರಜೆ ಬಿಟ್ಟು, ಆಸ್ಪತ್ರೆ ದೇವರ ಮೇಲೆ ಹಾಕಿ 20,000ಕ್ಕೇ ಎಳೆಯುವುದು ಬೇಡ. ಎರಡು ಸಾವಿರ ಕಿಲೋಮೀಟರ್ ದೂರದಿಂದ ಒಬ್ಬಳನ್ನು ಕರೆತರುವ ಬದಲು ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಬಂದು ತನ್ನ ಮನೆಗೆ ಹೋಗುವವರನ್ನು ಇಟ್ಟುಕೊಳ್ಳಿ, ಅವರಿಗೆ ಗಂಟೆಯ ಲೆಕ್ಕದಲ್ಲಿ ನ್ಯಾಯವಾದ ಸಂಬಳ ಕೊಡಿ. ಮೂರನೇ ಮಹಡಿಯವರು ನನ್ನ ನೋಟ್‌ಬುಕ್ ಎರಡು ದಿನ ಇಟ್ಟುಕೊಂಡು ನಿನ್ನೆ ವಾಪಸ್ ಕೊಟ್ಟರು. ‘ನಮ್ಮ ಬೀದಿ ಕಡೆ ಯಾರಾದ್ರೂ ಬೆಳಿಗ್ಗೆ ಹೊತ್ತು ಬರೋರು ಇದ್ರೆ ಹೇಳ್ರೀ’ ಎಂದರು. ಹುಡುಕುತ್ತಿದ್ದೇನೆ.