ಐದು ಅಂಕದ ನಕ್ಷೆಯಲ್ಲಿ ನಮ್ಮ ಹೊಲ ಎಲ್ಲಿದೆ?

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನ ಪತ್ರಿಕೆಯ ಕೊನೆಯ ಪ್ರಶ್ನೆ ಏನಿರುತ್ತದೆ ಅಂತ ಹತ್ತನೇ ಕ್ಲಾಸಿನ ಯಾವ ಹುಡುಗನನ್ನು ಬೇಕಾದರೂ ಕೇಳಿ, ಜೂನ್ ತಿಂಗಳಲ್ಲೇ ಹೇಳುತ್ತಾನೆ. ಭಾರತದ ನಕ್ಷೆ ಬರೆದು ನಾಲ್ಕು ಸ್ಥಳ ಗುರುತಿಸಬೇಕು. ನಕ್ಷೆಗೆ 1, ಸ್ಥಳಗಳಿಗೆ 4, ಒಟ್ಟು 5 ಅಂಕ.

ನಮ್ಮ ಕೊಪ್ಪಳ ಕಡೆ ಸರ್ಕಾರಿ ಹೈಸ್ಕೂಲುಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುವುದೇ ಈ ಐದು ಅಂಕದಿಂದ. ಡಿಸೆಂಬರ್ ಬಂತು ಅಂದರೆ ಸಂಜೆ ವಿಶೇಷ ತರಗತಿ. ಚೌಕುಳಿ ಹಾಕು, ಚುಕ್ಕಿ ಇಡು, ಎಡಕ್ಕೆ ಗುಜರಾತಿನ ಮೂತಿ ತೆಗೆ, ಕೆಳಗೆ ಚೂಪು ಮಾಡು. ಆಮೇಲೆ ಒಂದು ಪಟ್ಟಿ: 82½° ಪೂರ್ವ ರೇಖಾಂಶ, ನರ್ಮದಾ, ಹಿರಾಕುಡ್, ಕಾಂಡ್ಲಾ, ಛೋಟಾ ನಾಗಪುರ. ಕಲಿಕೆಯಲ್ಲಿ ಹಿಂದಿರುವ ಹುಡುಗಿಯೂ ಫೆಬ್ರುವರಿ ಹೊತ್ತಿಗೆ ಕಾಂಡ್ಲಾ ಎಲ್ಲಿದೆ ಅಂತ ಕಣ್ಣು ಮುಚ್ಚಿ ಚುಕ್ಕಿ ಇಡುತ್ತಾಳೆ. ಅಲ್ಲಿ ಏನಿದೆ ಅಂತ ಕೇಳಿದರೆ ಸುಮ್ಮನಾಗುತ್ತಾಳೆ. ಅದು ನಕ್ಷೆಯ ಪ್ರಶ್ನೆಗೆ ಬೇಕಿಲ್ಲವಲ್ಲ.

ಇದಕ್ಕೆ ಮೇಷ್ಟ್ರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲಕ್ಕೂ ಸೇರಿ ಒಬ್ಬರೇ ಕಲಾ ಶಿಕ್ಷಕರು. ನಾನು ಮಾತಾಡಿಸಿದವರಲ್ಲಿ ಹೆಚ್ಚಿನವರು ಬಿಎಯಲ್ಲಿ ಓದಿದ್ದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಭೂಗೋಳ ಕೊನೆಯ ಸಲ ಓದಿದ್ದು ತಮ್ಮ ಎಸ್ಸೆಸ್ಸೆಲ್ಸಿಯಲ್ಲೇ. ಅದರ ಮೇಲೆ ಸಮೀಕ್ಷೆ, ಚುನಾವಣೆ ಕೆಲಸ, ಮೊಟ್ಟೆ ಲೆಕ್ಕ. ಫಲಿತಾಂಶ ಬಿದ್ದರೆ ಬಿಇಒ ಆಫೀಸಿನ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕು. ಇಷ್ಟರ ನಡುವೆ ಮಕ್ಕಳನ್ನು ನಾಲೆ ದಂಡೆಗೆ ಕರೆದುಕೊಂಡು ಹೋಗಿ ಪಾಠ ಮಾಡಿ ಅಂದರೆ ಅವರು ನಗದೇ ಇನ್ನೇನು ಮಾಡುತ್ತಾರೆ? ‘ನಮಗೂ ಆಸೆ ಐತ್ರಿ ಸರ, ಆದ್ರ ಪೇಪರ್‌ನಾಗ ಅದು ಬರಂಗಿಲ್ಲಲ್ರಿ’ ಅಂದರು ಒಬ್ಬ ಹಿರಿಯ ಶಿಕ್ಷಕರು. ವಿಷಯ ಇರುವುದೇ ಅಲ್ಲಿ.

ಕೆಲವೇ ವರ್ಷಗಳಲ್ಲಿ ಈ ಪರೀಕ್ಷೆ ಎಷ್ಟು ಸಲ ಬದಲಾಯಿತು ನೋಡಿ. 2021ರಲ್ಲಿ ಕೊರೊನಾ ಕಾರಣಕ್ಕೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ದಿನ, ಜುಲೈ 19ರಂದು ಮುಗಿಸಿದರು. ಎಲ್ಲವೂ ಓಎಂಆರ್ ಹಾಳೆಯಲ್ಲಿ ಗುಂಡಿ ತುಂಬುವುದು, ನಕ್ಷೆ ಇಲ್ಲವೇ ಇಲ್ಲ. 2024ರಲ್ಲಿ ಪೂರಕ ಪರೀಕ್ಷೆ ಹೋಗಿ ಪರೀಕ್ಷೆ 1, 2, 3 ಬಂತು, ಹಾಲಿಗೆ ಕ್ಯಾಮೆರಾ ಬಂತು. ಅದೇ ವರ್ಷ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. 2025–26ಕ್ಕೆ ಪಾಸಾಗಲು ಶೇ 33, ಅಂದರೆ 625ಕ್ಕೆ 206 ಸಾಕು ಎಂದರು. ಹಾಲನ್ನು ಹೇಗೆ ಕಾಯಬೇಕು, ಎಷ್ಟಕ್ಕೆ ಪಾಸು ಮಾಡಬೇಕು ಎಂಬುದರ ಸುತ್ತಲೇ ಚರ್ಚೆ ನಡೆಯಿತು. ಪ್ರಶ್ನೆಪತ್ರಿಕೆ ಏನು ಕೇಳಬೇಕು ಎಂಬ ಮಾತು ಮಾತ್ರ ಬರಲಿಲ್ಲ.

ಕ್ಯಾಮೆರಾ ಬಂದಿದ್ದು ಒಳ್ಳೆಯದೇ. ಕಾಂಪೌಂಡಿನ ಮೇಲಿಂದ ಚೀಟಿ ಬೀಳುವುದನ್ನು ಈ ಕಣ್ಣಲ್ಲೇ ನೋಡಿದ್ದೇನೆ, ಸುದ್ದಿಯೂ ಮಾಡಿದ್ದೇನೆ. ಆದರೆ ಚೀಟಿ ನಿಂತ ಮೇಲೆ ಅದರ ಜಾಗಕ್ಕೆ ಬಂದಿದ್ದು ತಿಳಿವಳಿಕೆಯಲ್ಲ, ಬಾಯಿಪಾಠ. ಮೊದಲು ಜೇಬಿನಲ್ಲಿ ಇರುತ್ತಿದ್ದದ್ದು ಈಗ ತಲೆಯಲ್ಲಿದೆ, ಅಷ್ಟೇ ವ್ಯತ್ಯಾಸ.

ನಮ್ಮ ಡ್ಯಾಮಿನ ವಿಷಯವನ್ನೇ ತೆಗೆದುಕೊಳ್ಳಿ. ‘ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳ ಉದ್ದೇಶಗಳನ್ನು ತಿಳಿಸಿ’ ಎಂಬುದು ನೋಟ್ಸಿನಲ್ಲಿ ನಕ್ಷತ್ರ ಹಾಕಿದ ಪ್ರಶ್ನೆ. ನೀರಾವರಿ, ವಿದ್ಯುತ್, ಪ್ರವಾಹ ತಡೆ, ಮೀನುಗಾರಿಕೆ ಅಂತ ಮಕ್ಕಳು ಪಟಪಟ ಬರೆಯುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ತಾತ್ಕಾಲಿಕ ಗೇಟು ಕೂರಿಸುವಷ್ಟರಲ್ಲಿ ಟಿಎಂಸಿಗಟ್ಟಲೆ ನೀರು ನದಿಗೆ ಹರಿದು ಹೋಯಿತು. ಮುಂದಿನ ವರ್ಷ 33 ಗೇಟುಗಳನ್ನೂ ಬದಲಿಸಬೇಕೆಂದು ಎರಡನೇ ಬೆಳೆಗೆ ನಾಲೆಗೆ ನೀರು ಬಿಡಲಿಲ್ಲ. ಬೇಸಿಗೆ ಭತ್ತ ಯಾಕಿಲ್ಲ, ಅಪ್ಪ ಯಾಕೆ ದುಡಿಯಲು ಬೇರೆ ಊರಿಗೆ ಹೋದ ಎಂಬುದಕ್ಕೆ ಉತ್ತರ ಆ ಗೇಟಿನಲ್ಲೂ ಇದೆ. ಅದನ್ನು ಭೂಗೋಳ ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ಪ್ರಶ್ನೆ ‘ಮಣ್ಣಿನ ಸವೆತದ ಪರಿಣಾಮಗಳಾವುವು?’ ಉತ್ತರದಲ್ಲಿ ‘ಜಲಾಶಯಗಳಲ್ಲಿ ಹೂಳು ತುಂಬುತ್ತದೆ’ ಅಂತ ಒಂದು ಸಾಲು. ಮುನಿರಾಬಾದಿನಿಂದ ಬಸ್ಸಿನಲ್ಲಿ ಬರುವ ಹುಡುಗನೂ ಇದನ್ನು ಬರೆಯುತ್ತಾನೆ. ಆದರೆ 133 ಟಿಎಂಸಿ ಹಿಡಿಯಲಿ ಅಂತ ಕಟ್ಟಿದ ಈ ಡ್ಯಾಮು ಹೂಳು ತುಂಬಿ ಈಗ 105 ಚಿಲ್ಲರೆ ಟಿಎಂಸಿಗೆ ಇಳಿದಿದೆ, ಅದಕ್ಕೇ ನವಲಿ ಹತ್ತಿರ ಸಮಾನಾಂತರ ಜಲಾಶಯದ ಮಾತು ಎದ್ದಿದೆ ಎಂಬುದು ಅವನಿಗೆ ಆ ಸಾಲಿನೊಂದಿಗೆ ಸೇರುವುದೇ ಇಲ್ಲ. ಮಣ್ಣಿನ ಪಾಠವೂ ಹಾಗೇ. ಮನೆಯಲ್ಲಿ ಎರಿ ಹೊಲ ಯಾವುದು, ಮಸಾರಿ ಯಾವುದು, ಯಾವುದಕ್ಕೆ ಕಡಲೆ, ಯಾವುದಕ್ಕೆ ಶೇಂಗಾ ಎಂದು ಗೊತ್ತಿರುವ ಹುಡುಗಿ ಶಾಲೆಯಲ್ಲಿ ‘ರೆಗರ್ ಮಣ್ಣು’ ಅಂತ ಹೊಸದಾಗಿ ಬಾಯಿಪಾಠ ಮಾಡುತ್ತಾಳೆ. ಎರಡೂ ಒಂದೇ ಅಂತ ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಪಾಸಿಂಗ್ ಪ್ಯಾಕೇಜಿನಲ್ಲಿ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ನಕ್ಷೆಯ ಹೊರರೇಖೆಯನ್ನು ಮಂಡಳಿಯೇ ಅಚ್ಚು ಹಾಕಿ ಕೊಡಲಿ. ಸಿಬಿಎಸ್‌ಇ ಹತ್ತನೇ ತರಗತಿಯವರಿಗೆ ಖಾಲಿ ನಕ್ಷೆ ಕೊಡುತ್ತದೆ, ನಮ್ಮ ಮಕ್ಕಳು ಗುಜರಾತಿನ ಮೂತಿ ತಿದ್ದುತ್ತಾ ಯಾಕೆ ವಾರಗಟ್ಟಲೆ ಕಳೆಯಬೇಕು? ಉಳಿದ ಸಮಯದಲ್ಲಿ ಸ್ಥಳದ ಜೊತೆ ಕಾರಣವನ್ನೂ ಕೇಳಬಹುದು. ಒಂದು ಮಳೆ ಕೋಷ್ಟಕ ಕೊಟ್ಟು, ಯಾವ ತಿಂಗಳಲ್ಲಿ ಬಿತ್ತನೆ ಮಾಡುತ್ತೀರಿ, ಯಾಕೆ ಅಂತ ಕೇಳಿದರೆ ನಮ್ಮ ಮಕ್ಕಳಷ್ಟು ಚೆನ್ನಾಗಿ ಬರೆಯುವವರು ಸಿಟಿಯಲ್ಲಿ ಸಿಗಲಿಕ್ಕಿಲ್ಲ.

ಮೌಲ್ಯಮಾಪನ ಕಷ್ಟ ಆಗುತ್ತದೆ ಎನ್ನುವ ಆಕ್ಷೇಪ ಬರುತ್ತದೆ. ನಿಜ. ಒಂದೊಂದು ಊರಿಂದ ಒಂದೊಂದು ಉತ್ತರ ಬಂದರೆ ಮಾದರಿ ಉತ್ತರ ಹಿಡಿದು ಕೂತವರು ಏನು ಮಾಡಬೇಕು? ಅದಕ್ಕೇ ಪತ್ರಿಕೆಯಲ್ಲಿ ಇಂಥದ್ದು ಒಂದೋ ಎರಡೋ ಸಾಕು. ಕೈಗೆ ಹತ್ತಿರದಲ್ಲಿ ಇನ್ನೊಂದು ದಾರಿಯಿದೆ, 20 ಆಂತರಿಕ ಅಂಕ. ಎಫ್‌ಎ ಚಟುವಟಿಕೆ ಅಂತ ಕೊಡುವ ಈ ಅಂಕಗಳಿಗೆ ಈಗ ಹೆಚ್ಚಾಗಿ ನಡೆಯುವುದು ಝೆರಾಕ್ಸ್ ಅಂಗಡಿಯ ಪ್ರಾಜೆಕ್ಟ್, ಮೊಬೈಲಿನಿಂದ ಇಳಿಸಿದ ಚಿತ್ರ, ಮೇಲೆ ಬಣ್ಣದ ರಟ್ಟು. ಅದರ ಬದಲು ಊರಿನ ಕೆರೆ ಯಾವ ವರ್ಷ ತುಂಬಿತು, ಬೋರು ಎಷ್ಟು ಅಡಿಗೆ ಹೋಯಿತು, ನಾಲೆಯ ಮೇಲ್ಭಾಗದಲ್ಲಿ ಎಷ್ಟು ದಿನ ನೀರು, ಕೆಳಭಾಗದಲ್ಲಿ ಎಷ್ಟು ದಿನ ಅಂತ ಹಿರಿಯರನ್ನು ಕೇಳಿ ಬರೆದು ತರಲಿ. ಇದಕ್ಕೆ ಹೊಸ ಆದೇಶ ಬೇಕಿಲ್ಲ, ಖರ್ಚೂ ಇಲ್ಲ.

ಎಸ್‌ಡಿಎಂಸಿಯಲ್ಲಿ ಇರುವವರಿಗೆ ಒಂದು ಮಾತು. ಸಭೆಯಲ್ಲಿ ಫಲಿತಾಂಶ ಎಷ್ಟು ಶೇಕಡಾ ಅಂತ ಕೇಳಿದ ಮೇಲೆ ಮಕ್ಕಳ ಸಮಾಜ ವಿಜ್ಞಾನದ ಪ್ರಾಜೆಕ್ಟ್ ತೋರಿಸಿ ಅಂತಲೂ ಕೇಳಿ. ಅದರಲ್ಲಿ ನಿಮ್ಮ ಊರಿನ ಹೆಸರು ಒಂದು ಸಲವಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಮೇಷ್ಟ್ರ ಮೇಲೆ ಹೋಗಬೇಡಿ, ನೀವೇ ಒಂದು ದಿನ ಮಕ್ಕಳನ್ನು ಹೊಲಕ್ಕೆ ಕರೆದು ಎರಿ, ಮಸಾರಿ ತೋರಿಸುತ್ತೇವೆ ಅನ್ನಿ. ಮೊದಲ ಎಫ್‌ಎ ಬರುವುದು ಮುಂಗಾರಿನಲ್ಲೇ. ಮಳೆ ಅಳೆಯಲು ಮೇಲ್ಭಾಗ ಕತ್ತರಿಸಿದ ಒಂದು ನೀರಿನ ಬಾಟಲಿ, ಒಂದು ಸ್ಕೇಲು ಇದ್ದರೆ ಕೆಲಸ ಶುರು ಮಾಡಬಹುದು.