ಗೂಡ್ಸ್ ರೈಲು ಹೇಳುವ ಚರಿತ್ರೆ

ಪ್ರಯಾಣಿಕರ ರೈಲಿಗೆ ವೇಳಾಪಟ್ಟಿ ಉಂಟು. ಗೂಡ್ಸ್ ರೈಲಿಗಾಗಿ ಕಾಯುವವನಿಗೆ ತಾಳ್ಮೆಯೊಂದೇ ಗತಿ. ಹೊರಕೆರೆದೇವಪುರದ ನಂಟರ ಮನೆಗೆ ಹೋದಾಗಲೆಲ್ಲ, ಅದೇ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ಒಂದು ಮಧ್ಯಾಹ್ನ ಕ್ಯಾಮೆರಾ ಹಿಡಿದು ನಿಲ್ಲುವುದು ನನ್ನ ರೂಢಿ. ಬಳ್ಳಾರಿ ಕಡೆಯ ಮಾರ್ಗ ಬೆಂಗಳೂರು–ಹುಬ್ಬಳ್ಳಿ ಮಾರ್ಗವನ್ನು ಕೂಡುವುದು ಇಲ್ಲಿಯೇ. ಅದಿರು ತುಂಬಿದ ವ್ಯಾಗನ್‌ಗಳು ಬರುವುದೂ ಈ ದಾರಿಯಲ್ಲೇ.

ಇದರಲ್ಲಿ ನೋಡುವುದೇನಿದೆ ಎನ್ನುವವರಿದ್ದಾರೆ. ಪ್ರತಿ ವ್ಯಾಗನ್‌ನ ಮೇಲೂ 11 ಅಂಕಿಗಳ ಸಂಖ್ಯೆಯೊಂದಿರುತ್ತದೆ. ಮೊದಲೆರಡು ಅಂಕಿ ಅದರ ಬಗೆಯನ್ನು, ನಂತರದ ಎರಡು ಅದು ಯಾವ ರೈಲ್ವೆಯದೆಂಬುದನ್ನು, ಐದು ಮತ್ತು ಆರನೆಯವು ತಯಾರಾದ ವರ್ಷವನ್ನು ತಿಳಿಸುತ್ತವೆ. ಓದಬಲ್ಲವರಿಗೆ ಅದೊಂದು ಜಾತಕ.

ನಾಡಿನ ಆರ್ಥಿಕತೆಯ ಏರಿಳಿತಕ್ಕೂ ಈ ಹಳಿಗಳು ಸಾಕ್ಷಿ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆಯೊಡ್ಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ನಿಲ್ಲಿಸಿತು. 2022ರಲ್ಲಿ ರಫ್ತಿಗೆ ಮತ್ತೆ ಅನುಮತಿ ನೀಡಿತು. ಆದೇಶಗಳು ಕಡತದಲ್ಲಿ ಉಳಿಯುತ್ತವೆ. ಅವುಗಳ ಪರಿಣಾಮ ಹಳಿಯ ಮೇಲೆ ಹೇಗೆ ಕಂಡಿತೆಂಬುದು ದಿನಾಂಕ ನಮೂದಿಸಿದ ಚಿತ್ರಗಳಲ್ಲಿ ಮಾತ್ರ ಉಳಿದೀತು.

ಆದ್ದರಿಂದ, ನಿಯಮ ಪಾಲಿಸಿ, ಹಳಿಯಿಂದ ದೂರ ನಿಂತು ಚಿತ್ರ ತೆಗೆಯುವ ಹವ್ಯಾಸಿಯನ್ನು ಅನುಮಾನದಿಂದ ಕಾಣುವುದು ತರವಲ್ಲ. ಈ ನೆಲದ ಮಣ್ಣು ಎತ್ತ ಹೋಯಿತೆಂದು ನಾಳೆ ಕೇಳುವವರಿಗೆ ಅವನ ಬಳಿ ಉತ್ತರದ ಒಂದು ಭಾಗವಾದರೂ ಇರುತ್ತದೆ.