ಮೊದ್ಲು ಫ್ಯೂಸ್ ನೋಡು ಗುರು

ನಮ್ಮ ಆಫೀಸಿನ ಆ್ಯನುಯಲ್ ಡೇ. ನಾಲ್ಕು ಜನರ ಬ್ಯಾಂಡ್. ಪಲ್ಲವಿ ಮುಗಿದು ಜೋರಿನ ಭಾಗ ಶುರುವಾಗಬೇಕು, ನಮ್ಮ ಲೀಡ್ ಗಿಟಾರಿಸ್ಟ್ ಕಾಲಿನಿಂದ ಪ್ರೊಸೆಸರ್‌ನ ಸ್ವಿಚ್ ಒತ್ತಿದ. "ಟಪ್" ಅಂತ ಒಂದು ಸದ್ದು, ಆಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಶ್ಶಬ್ದ, ಆಮೇಲೆ ಡಿಸ್ಟಾರ್ಷನ್. ಇದೆಲ್ಲದರ ಹಿಂದೆ ಹಾಡಿನುದ್ದಕ್ಕೂ "ಗುಂಯ್" ಅನ್ನೋ ಶ್ರುತಿ, ಯಾರೂ ಕೇಳದೇ ಇದ್ದರೂ ಉಚಿತವಾಗಿ.

ವಾಪಸ್ ಬರುವಾಗ ಕ್ಯಾಬಲ್ಲೇ ತೀರ್ಮಾನ ಆಯ್ತು. "ಮಗಾ, ಈ ಡಬ್ಬಾ ಮಾರ್ತೀನಿ. ದೊಡ್ಡದೊಂದು ಇಎಂಐನಲ್ಲಿ ತಗೋತೀನಿ." ಉಳಿದಿಬ್ಬರು ತಲೆಯಾಡಿಸಿದ್ರು. ನಾನೊಬ್ಬ ಬೇಡ ಅಂದೆ. ಜಗಳ ಸಿಲ್ಕ್ ಬೋರ್ಡ್ ಸಿಗ್ನಲ್‌ವರೆಗೂ ನಡೀತು, ಅಂದ್ರೆ ಸಾಕಷ್ಟು ಹೊತ್ತು. ಆದ್ರೂ ಮುಗೀಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನನ್ನ ವಾದ ಇಷ್ಟೇ: ಈ ಸದ್ದುಗಳಲ್ಲಿ ಹೆಚ್ಚಿನವು ಡಬ್ಬದ ಬೆಲೆಯಿಂದ ಬರೋದಲ್ಲ, ಸಿಗ್ನಲ್ ಹೋಗೋ ದಾರಿಯಿಂದ ಬರೋದು. ದಾರಿ ನೋಡದೆ ಡಬ್ಬ ಬದಲಾಯಿಸಿದ್ರೆ ಹೊಸ ಡಬ್ಬದಲ್ಲೂ ಅದೇ ಸದ್ದು, ಮೇಲೆ 18 ತಿಂಗಳ ಕಂತು.

ನಮ್ಮೂರಲ್ಲಿ ಬೋರ್‌ವೆಲ್ ನೀರು ನಿಂತ್ರೆ ಅಪ್ಪ ಮೊದಲು ಮೋಟ್ರು ಮೇಲೆತ್ತಿಸ್ತಿರಲಿಲ್ಲ. ಎತ್ತಿಸೋಕೆ ಆಳು, ಗಾಡಿ, ದುಡ್ಡು. ಕಂಬದಲ್ಲಿ ಮೂರೂ ಫೇಸ್ ಇದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಹಿಡೀತಿದೆಯಾ, ಕೇಬಲ್ ಜಾಯಿಂಟ್ ಸರಿ ಇದೆಯಾ, ಎಲ್ಲ ನೋಡಿದ ಮೇಲೆ ಕೊನೇದಾಗಿ ಮೋಟ್ರು. ಓದು ಏಳನೇ ಕ್ಲಾಸ್. ಬಿಇ ಮಾಡಿ ದಿನವಿಡೀ ಡೀಬಗ್ ಮಾಡೋ ನಾವು ಮಾತ್ರ ಸಂಜೆ ಗಿಟಾರ್ ಹಿಡಿದ ತಕ್ಷಣ ಸೀದಾ ಮೋಟ್ರು ಎತ್ತಿಸೋಕೆ ಹೊರಡ್ತೀವಿ!

ಮೊದಲು ಆ ನಿಶ್ಶಬ್ದದ ವಿಷಯ. ಪ್ರೊಸೆಸರ್ ಒಳಗೆ ಪ್ರೀಸೆಟ್ ಬದಲಾಯಿಸೋದು ಅಂದ್ರೆ ಒಂದು ಆ್ಯಪ್ ಮುಚ್ಚಿ ಇನ್ನೊಂದು ತೆಗೆದ ಹಾಗೆ. ಹಳೇ ಆಂಪ್ ಮಾಡೆಲ್, ಡಿಲೇ, ರಿವರ್ಬ್ ಎಲ್ಲ ಖಾಲಿ ಆಗಬೇಕು, ಹೊಸದು ಲೋಡ್ ಆಗಬೇಕು. ಆ ಹೊತ್ತಲ್ಲಿ ಕರ್ಕಶ ಸದ್ದು ಹೊರಗೆ ಬರಬಾರದು ಅಂತ ಯಂತ್ರ ತಾನೇ ಮ್ಯೂಟ್ ಆಗುತ್ತೆ. ನಿಮಿಷಕ್ಕೆ 120 ಬೀಟ್ ಇರೋ ಹಾಡಲ್ಲಿ ಒಂದು ಬೀಟ್ ಅಂದ್ರೆ 500 ಮಿಲಿಸೆಕೆಂಡ್. ಅದರಲ್ಲಿ 50 ಮಾಯವಾದ್ರೂ ಕಿವಿ ಹಿಡಿಯುತ್ತೆ. ನಮ್ಮವನು ಬೈದಿದ್ದು ಮಿಡಿ ಕೇಬಲ್‌ಗೆ. ಪಾಪದ ಕೇಬಲ್! ಮಿಡಿ ವೇಗ ಸೆಕೆಂಡಿಗೆ 31,250 ಬಿಟ್. ಪ್ರೀಸೆಟ್ ಬದಲಾಯಿಸೋ ಸಂದೇಶಕ್ಕೆ ಬೇಕಾಗೋದು 20 ಬಿಟ್. ಒಂದು ಮಿಲಿಸೆಕೆಂಡೂ ಆಗಲ್ಲ.

ಇದಕ್ಕೆ ಮದ್ದು ಎಷ್ಟೋ ಡಬ್ಬಗಳ ಒಳಗೇ ಇದೆ. ಹೀಲಿಕ್ಸ್‌ನಲ್ಲಿ ಅದನ್ನ ಸ್ನ್ಯಾಪ್‌ಶಾಟ್ ಅಂತಾರೆ, ಫ್ರ್ಯಾಕ್ಟಲ್ ಮತ್ತು ಕ್ವಾಡ್ ಕಾರ್ಟೆಕ್ಸ್‌ನಲ್ಲಿ ಸೀನ್ ಅಂತಾರೆ. ಒಂದು ಪ್ರೀಸೆಟ್ಟಿಗೆ 8. ಇಲ್ಲಿ ಏನೂ ಹೊಸದಾಗಿ ಲೋಡ್ ಆಗಲ್ಲ. ಇರೋ ಎಫೆಕ್ಟ್‌ಗಳೇ ಆನ್-ಆಫ್ ಆಗ್ತವೆ, ನಾಬ್‌ಗಳ ಮೌಲ್ಯ ಬದಲಾಗುತ್ತೆ. ಡಿಲೇ ಬಾಲವೂ ತುಂಡಾಗಬೇಕಿಲ್ಲ. ಹಾಡಿಗೊಂದು ಪ್ರೀಸೆಟ್, ಪಲ್ಲವಿಗೊಂದು ಚರಣಕ್ಕೊಂದು ಸೀನ್, ಮುಗೀತು ಕಥೆ. ನಮ್ಮವನು ಒಂದೇ ಹಾಡಿಗೆ ನಾಲ್ಕು ಪ್ರೀಸೆಟ್ ಇಟ್ಕೊಂಡಿದ್ದ. ಮ್ಯಾನ್ಯುಯಲ್ ಓದಿದ್ಯಾ ಅಂದ್ರೆ ರಿವ್ಯೂ ವಿಡಿಯೋ ನೋಡಿದ್ದೀನಿ ಅಂದ.

ತಪ್ಪು ಅವನೊಬ್ಬನದೇ ಅಲ್ಲ. ಡಬ್ಬದ ಮೇಲೆ ಎಷ್ಟು ಆಂಪ್, ಎಷ್ಟು ಎಫೆಕ್ಟ್, ಎಷ್ಟು ಪ್ರೀಸೆಟ್ ಅಂತ ದಪ್ಪಕ್ಷರ. ಪ್ರೀಸೆಟ್ ಬದಲಾಗೋಕೆ ಎಷ್ಟು ಮಿಲಿಸೆಕೆಂಡ್ ಅನ್ನೋದು ಹುಡುಕಿದ್ರೂ ಸಿಗೋದು ಅಪರೂಪ. ನಮ್ಮ ಸರ್ವರ್‌ಗಳಿಗೆ ಲೇಟೆನ್ಸಿ ಎಷ್ಟು ಅಂತ ಕೇಳದೆ ಸಹಿ ಹಾಕದ ನಾವು, ಇಲ್ಲಿ ಮಾತ್ರ ಯಾಕೆ ಕೇಳಲ್ಲ?

ಇನ್ನು "ಟಪ್". ಅಲೆಯನ್ನ ಸೊನ್ನೆಯಲ್ಲಲ್ಲ, ಏರಿದ ಜಾಗದಲ್ಲೇ ಕತ್ತರಿಸಿದ್ರೆ ಅದು ಮೆಟ್ಟಿಲಿಂದ ಬಿದ್ದ ಹಾಗೆ ಧಡಕ್ಕನೆ ಬೀಳುತ್ತೆ. ಅದೇ ಕ್ಲಿಕ್. ಒಳ್ಳೇ ಪ್ರೊಸೆಸರ್ ಒಂದನ್ನ ಇಳಿಸಿ ಇನ್ನೊಂದನ್ನ ಮೆಲ್ಲಗೆ ಏರಿಸುತ್ತೆ. ಆದ್ರೆ ಲೂಪಲ್ಲಿ ಹಳೇ ಅನಲಾಗ್ ಪೆಡಲ್ ಇದ್ರೆ ಬೇರೆ ಕಾರಣವೂ ಇರಬಹುದು. ಅದರ ಕೆಪ್ಯಾಸಿಟರಿನಿಂದ ಸೋರಿದ ಡಿಸಿ ವೋಲ್ಟೇಜ್ ಸ್ವಿಚ್ ಹತ್ರ ಕಾದು ಕೂತು, ಒತ್ತಿದ ತಕ್ಷಣ ಒಮ್ಮೆಲೇ ನುಗ್ಗುತ್ತೆ. ಒಂದು ಮೆಗಾಓಮ್ ರೆಸಿಸ್ಟರ್ ಹಾಕಿದ್ರೆ ಆ ವೋಲ್ಟೇಜ್ ಸುಮ್ನೆ ನೆಲಕ್ಕೆ ಇಳಿದುಹೋಗುತ್ತೆ. ಎಸ್.ಪಿ. ರೋಡಲ್ಲಿ ಅದರ ಬೆಲೆ ಒಂದು ಟೀಗಿಂತ ಕಡಿಮೆ.

ಕೊನೇದು "ಗುಂಯ್". ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ನಿಂತ್ರೆ ಅದು ಪಿಕಪ್ ಹಿಡಿದದ್ದು. ನಿಂತ ಕಡೆಯೇ ದಿಕ್ಕು ಬದಲಾಯಿಸಿದ್ರೆ ಹೆಚ್ಚುಕಡಿಮೆಯೂ ಆಗುತ್ತೆ. ನಿಲ್ಲದಿದ್ರೆ ತೊಂದರೆ ಗಿಟಾರಿನಿಂದ ಮುಂದೆ. ನಮ್ಮವನು ನಾಲ್ಕು ಕೇಬಲ್ ವಿಧಾನದಲ್ಲಿ ಜೋಡಿಸಿದ್ದ: ಗಿಟಾರಿಂದ ಪ್ರೊಸೆಸರ್, ಅದರ ಸೆಂಡ್‌ನಿಂದ ಆಂಪ್ ಇನ್‌ಪುಟ್, ಆಂಪ್ ಸೆಂಡ್‌ನಿಂದ ಪ್ರೊಸೆಸರ್ ರಿಟರ್ನ್, ಪ್ರೊಸೆಸರ್ ಔಟ್‌ಪುಟ್‌ನಿಂದ ಆಂಪ್ ರಿಟರ್ನ್. ಆಂಪಿಗೂ ಪ್ರೊಸೆಸರ್‌ಗೂ ನಡುವೆ ಮೂರು ಕೇಬಲ್, ಅಂದ್ರೆ ಮೂರು ಗ್ರೌಂಡ್ ದಾರಿ. ಅವೇ ಸೇರಿ ಸುತ್ತು ಆಗಿ, ನಮ್ಮ 50 ಹರ್ಟ್ಸ್ ಕರೆಂಟಿನ ಗೊಣಗಾಟ ಹಿಡಿದು ಆಂಪಿಗೆ ಕೊಡ್ತವೆ.

ಇದಕ್ಕೆ ಯಾರೋ ಅವನಿಗೆ ಹೇಳಿದ ಉಪಾಯ ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು: "ಆಂಪ್ ಪ್ಲಗ್‌ನ ಅರ್ಥ್ ಪಿನ್ ಕಿತ್ತಾಕು, ಹಮ್ ಹೋಗುತ್ತೆ." ಹಮ್ ಹೋಗುತ್ತೆ, ಜೀವವೂ ಹೋಗಬಹುದು. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಸ್ವಾನ್ಸಿಯ ವೇದಿಕೆ ಮೇಲೆ ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ಶಾಕ್ ಹೊಡೆದು ಸತ್ತ. ಪಂಪ್‌ಸೆಟ್ ಪೆಟ್ಟಿಗೆ ಮುಟ್ಟಿ ಸತ್ತವರ ಸುದ್ದಿ ಕೇಳುತ್ತ ಬೆಳೆದವನಿಗೆ ಇದು ತಮಾಷೆ ವಿಷಯ ಅಲ್ಲ. ಅರ್ಥ್ ಪಿನ್ ಇರೋದು ನಿಮಗೋಸ್ಕರ. ಸುತ್ತು ಕತ್ತರಿಸೋದಿದ್ರೆ ಆಡಿಯೋ ಕೇಬಲ್‌ನಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ ಕತ್ತರಿಸಿ. ಮೊದಲು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ ನೋಡಿ.

ಭಾನುವಾರ ಅವನ ಮನೆಗೆ ಹೋದೆ. ಎಲ್ಲ ಕಿತ್ತೆವು. ಗಿಟಾರ್ ಸೀದಾ ಆಂಪಿಗೆ: ಸದ್ದಿಲ್ಲ. ಒಂದೊಂದೇ ಸೇರಿಸುತ್ತ ಬಂದ್ವಿ, ಪ್ರತಿ ಸಲ ಕಿವಿಗೊಟ್ಟು. ಸೆಂಡ್ ಕೇಬಲ್ ಸಿಕ್ಕಿಸಿದ ತಕ್ಷಣ "ಗುಂಯ್" ಹಾಜರ್. ಒಂದೇ ಬಾಕ್ಸಿಗೆ ಹಾಕಿದ್ದಕ್ಕೆ ಅರ್ಧ ಇಳೀತು, ಐಸೊಲೇಟರ್ ತಂದ ಮೇಲೆ ಪೂರ್ತಿ ಹೋಯ್ತು. ನಾಲ್ಕು ಪ್ರೀಸೆಟ್ ಒಂದಾಯ್ತು. "ಟಪ್" ಬರ್ತಿದ್ದದ್ದು ಲೂಪಲ್ಲಿದ್ದ ಹಳೇ ಫಝ್ ಪೆಡಲ್‌ನಿಂದ. ಒಟ್ಟು ಖರ್ಚು ಅವನು ಕಟ್ಟಲಿದ್ದ ಒಂದು ಕಂತಿಗಿಂತ ಕಡಿಮೆ.

ಹೊಸದು ತಗೊಳ್ಳಲೇಬಾರದು ಅಂತಲ್ಲ. ಹಾಡಿನ ಮಧ್ಯೆ ಇಡೀ ಪ್ರೀಸೆಟ್ ಬದಲಾಯಿಸಲೇಬೇಕು, ಎಲ್ಲ ಎಫೆಕ್ಟ್ ಒಂದೇ ಪ್ರೀಸೆಟ್ಟಲ್ಲಿ ಹಿಡಿಸೋಕೆ ನಿಮ್ಮ ಡಬ್ಬದ ಶಕ್ತಿ ಸಾಲಲ್ಲ ಅಂದ್ರೆ ಧಾರಾಳವಾಗಿ ತಗೊಳ್ಳಿ. ಆದ್ರೆ ಆ ಮಾತು ಹುಡುಕಿ ನೋಡಿದ ಮೇಲೆ ಬರಲಿ, ಕ್ಯಾಬಲ್ಲಿ ಅಲ್ಲ. ಮುಂದಿನ ಸಲ ಗಿಟಾರ್ ಗೊಣಗಿದ್ರೆ ಶಾಪಿಂಗ್ ಆ್ಯಪ್ ತೆಗೆಯೋ ಮುಂಚೆ ಒಂದು ಹಾಳೆ ತಗೊಂಡು, ಸಿಗ್ನಲ್ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಗೆರೆ ಎಳೀರಿ. ಗೆರೆ ಎಳೆಯೋಕೆ ಬರಲಿಲ್ಲ ಅಂದ್ರೆ, ಕ್ಷಮಿಸಿ, ಹೊಸ ಡಬ್ಬಕ್ಕೂ ನೀವಿನ್ನೂ ತಯಾರಿಲ್ಲ.